ಸಂಜೆ ನಾಲ್ಕರ ಶುಗರ್

ರೋಣದ ಕಡೆಯ ರೈತರೊಬ್ಬರು ನನ್ನ ಹುಬ್ಬಳ್ಳಿ ಕ್ಲಿನಿಕ್‌ಗೆ ಬಂದಾಗ ಅವರಿಗೆ ಲಿವರ್ ಕಸಿ ಆಗಿ 4 ತಿಂಗಳಾಗಿತ್ತು. ಆಪರೇಷನ್ ಬೆಂಗಳೂರಿನಲ್ಲಿ. ಲಿವರಿನ ಭಾಗ ಕೊಟ್ಟವರು ಹೆಂಡತಿ. ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದರು. "ಶುಗರ್ ಏನೂ ಇಲ್ರಿ ಸರ್, ಮುಂಜಾನೆ 98 ಬಂದೈತಿ" ಅಂದರು. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಹೇಳಿದರು: "ಮಧ್ಯಾಹ್ನದ ಮ್ಯಾಲ ನೀರು ಭಾಳ ಕುಡಿತಾರ್ರಿ. ನಡುರಾತ್ರಿ ತನಕ ಎದ್ದೆದ್ದು ಹೊರಗ ಹೋಗ್ತಾರ. ಬ್ಯಾಸಗಿ ಅಲ್ರಿ, ಅದಕ್ಕ ಅಂದ್ಕೊಂಡ್ವಿ." ಅವತ್ತು ಊಟ ಮಾಡಿ ಬನ್ನಿ ಅಂದೆ. ಸಂಜೆ 4 ಗಂಟೆಗೆ ನೋಡಿದರೆ 312.

ಇಂಥವರನ್ನು ಎಷ್ಟು ಸಲ ನೋಡಿದ್ದೇನೋ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನೋಡಿ ಸಮಾಧಾನ ಪಡುತ್ತಾರೆ. ತಪ್ಪು ಅವರದಲ್ಲ, ನಮ್ಮ ಪದ್ಧತಿಯೇ ಹಾಗಿದೆ. ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಕೊಡುವ ಟಾಕ್ರೊಲಿಮಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ನೋಡಲು ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ಕೊಡಬೇಕು. ಹೇಗೂ ಲ್ಯಾಬಿಗೆ ಬಂದಿದ್ದೇವೆ ಅಂತ ಶುಗರನ್ನೂ ಆಗಲೇ ನೋಡಿಸುತ್ತಾರೆ. ಆಮೇಲೆ ಮಾತ್ರೆ ನುಂಗಿ, ತಿಂಡಿ ತಿಂದು, ಬಸ್ಸು ಹಿಡಿಯುತ್ತಾರೆ. ಹೀಗಾಗಿ ದಿನದಲ್ಲಿ ಶುಗರ್ ಎಲ್ಲಕ್ಕಿಂತ ಕಡಿಮೆ ಇರುವ ಹೊತ್ತಿನಲ್ಲೇ ಪ್ರತಿ ಸಲ ಅಳೆದಂತಾಗುತ್ತದೆ.

ಯಾಕೆ ಕಡಿಮೆ? ಕಸಿ ಆದ ಮೊದಲ ಕೆಲವು ತಿಂಗಳು ಬಹಳ ಜನರಿಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಇರುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿ ಜೊತೆ ಒಂದು ಸಲ. ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಆ ಅಡ್ಡಿ ಮಧ್ಯಾಹ್ನದಿಂದ ಸಂಜೆಯವರೆಗೆ ಜೋರಾಗಿದ್ದು, ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಬೆಳಿಗ್ಗೆ 98, ಸಂಜೆ 312 ಎರಡೂ ನಿಜವೇ. ಬೆಳಗಿನ ಜಾವ 5 ಗಂಟೆಗೆ ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಗೆ ಹೋಗಿ "ಇಲ್ಲಿ ಜನಾನೇ ಇಲ್ಲ" ಅಂದರೆ ಹೇಗೋ ಹಾಗೆ. ಸಂಜೆ ಹೋಗಿ ನೋಡಿ.

ಟಾಕ್ರೊಲಿಮಸ್ ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತದೆ. ಅದು ಮೇದೋಜೀರಕ ಗ್ರಂಥಿ ಬಿಡುವ ಇನ್ಸುಲಿನ್ನನ್ನೇ ಕಡಿಮೆ ಮಾಡುತ್ತದೆ. ಬಿಪಿಯನ್ನೂ ಏರಿಸಬಲ್ಲದು. ಹಾಗಂತ ಅದನ್ನು ನೀವೇ ನಿಲ್ಲಿಸಬೇಡಿ. "ಈ ಗುಳಿಗೆಯಿಂದಾನೇ ಶುಗರ್ ಬಂದೈತಿ, ಬಿಟ್ಟುಬಿಡು" ಅನ್ನುವ ಸಂಬಂಧಿಕರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಮಾತ್ರೆ ಬಿಟ್ಟರೆ ದೇಹ ಹೊಸ ಲಿವರನ್ನೇ ತಿರಸ್ಕರಿಸಬಹುದು. ಶುಗರಿಗೆ ಔಷಧ ಇದೆ, ಇನ್ನೊಂದು ಲಿವರ್ ಎಲ್ಲಿಂದ ತರೋಣ? ಪ್ರಮಾಣ ಬದಲಿಸುವುದೇನಿದ್ದರೂ ಕಸಿ ತಂಡಕ್ಕೆ ಬಿಟ್ಟದ್ದು. ನಾನೂ ಅವರನ್ನು ಕೇಳದೆ ಮುಟ್ಟುವುದಿಲ್ಲ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇದೆಯಲ್ಲ ಅನ್ನುತ್ತಾರೆ. ಮೊದಲ ತಿಂಗಳುಗಳಲ್ಲಿ ಅದನ್ನು ನಂಬುವುದು ಕಷ್ಟ. ರಕ್ತ ಕೊಟ್ಟಿರುತ್ತಾರೆ, ರಕ್ತಹೀನತೆ ಇರುತ್ತದೆ, ಲೆಕ್ಕ ತಪ್ಪುತ್ತದೆ. ಆಗ ಉಪಯೋಗಕ್ಕೆ ಬರುವುದು ಮನೆಯ ಗ್ಲುಕೋಮೀಟರ್. ಮಧ್ಯಾಹ್ನ ಊಟವಾಗಿ 2 ಗಂಟೆ ಬಿಟ್ಟು ಒಂದು ಸಲ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ನೋಡಿ. ಊಟದ ನಂತರ 200 ದಾಟುತ್ತಿದ್ದರೆ ಮುಂದಿನ ಚೆಕಪ್‌ವರೆಗೆ ಕಾಯದೆ ಫೋನ್ ಮಾಡಿ.

ಊಟದ ವಿಷಯಕ್ಕೆ ಮನೆಯವರ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸು ಬರುವುದಿಲ್ಲ. ವರ್ಷಗಟ್ಟಲೆ ಉಪ್ಪಿಲ್ಲದ ಸಪ್ಪೆ ಊಟ ಮಾಡಿ, ಹೊಟ್ಟೆಯಲ್ಲಿ ನೀರು ತುಂಬಿ, ಕೈಕಾಲು ಕಡ್ಡಿಯಾಗಿದ್ದ ಮನುಷ್ಯ ಈಗ ತಟ್ಟೆ ಮುಂದೆ ಕೂತು "ಇನ್ನೊಂದು ಹಾಕು" ಅಂದರೆ ಯಾರು ಬೇಡ ಅಂತಾರೆ? ಸ್ಟೀರಾಯ್ಡ್ ಹಸಿವನ್ನೂ ಹೆಚ್ಚಿಸುತ್ತದೆ. ನೋಡಲು ಬಂದವರೆಲ್ಲ ಪೇಡೆ ತರುತ್ತಾರೆ. ಆದರೆ ಹೀಗೆ ಬರುವ ತೂಕ ಹೆಚ್ಚಾಗಿ ಕೊಬ್ಬು, ಕಳೆದುಹೋದ ಸ್ನಾಯು ಅಲ್ಲ. ಹೊಸ ಲಿವರಿನಲ್ಲೂ ಕೊಬ್ಬು ಕೂಡಬಹುದು. ಫ್ಯಾಟಿ ಲಿವರಿನಿಂದಲೇ ಕಸಿಯವರೆಗೆ ಹೋದವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆ ಬೇಕಾದಷ್ಟು ಒಳ್ಳೆಯ ಊಟ. ರೊಟ್ಟಿಯನ್ನು ಎಣಿಸಿ ತಿನ್ನಿ. ಆಪರೇಷನ್ ಮಾಡಿದವರು ಒಪ್ಪಿದ ಮೇಲೆ ಉಣಕಲ್ ಕೆರೆಯ ದಂಡೆಯಲ್ಲೋ ಹೊಲದ ಬದುವಿನಲ್ಲೋ ದಿನಾ ಅರ್ಧ ಗಂಟೆ ನಡೆಯಿರಿ.

ರೋಣದವರಿಗೆ 312 ಅಂತ ಹೇಳಿದಾಗ ಆ ಹೆಣ್ಣುಮಗಳು ಕಣ್ಣೀರು ಹಾಕಿದರು. "ನಾ ಕೊಟ್ಟ ಲಿವರ್‌ನಾಗ ಶುಗರ್ ಇತ್ತೇನ್ರಿ?" ಇಲ್ಲ ತಾಯಿ, ನಿಮ್ಮ ಎಲ್ಲ ಪರೀಕ್ಷೆ ಮಾಡಿಯೇ ತಗೊಂಡಿದ್ದಾರೆ, ಇದು ಮಾತ್ರೆಯದ್ದು ಅಂತ ಎರಡೆರಡು ಸಲ ಹೇಳಿದೆ. ನಂಬಿದಂತೆ ಕಾಣಲಿಲ್ಲ. ಕಸಿ ತಂಡದ ಜೊತೆ ಮಾತಾಡಿ ಬೆಳಗಿನ ಹೊತ್ತು ಇನ್ಸುಲಿನ್ ಶುರು ಮಾಡಿದೆವು. ಸ್ಟೀರಾಯ್ಡ್ ಇಳಿಯುತ್ತ ಹೋದಂತೆ ಅದನ್ನೂ ಇಳಿಸಿದೆವು. ಕೆಲವರಿಗೆ ಸ್ಟೀರಾಯ್ಡ್ ನಿಂತರೂ ಶುಗರ್ ಉಳಿದುಬಿಡುತ್ತದೆ, ಇವರಿಗೆ ಹೇಗೋ ಇನ್ನೂ ನೋಡಬೇಕು.

ಈಗ ಆಕೆ ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ದಿನಾ ಸಂಜೆಯ ಶುಗರ್ ಬರೆದಿಡುತ್ತಾರೆ. ಹೋದ ಸಲ ತಂದಾಗ ಪಂಚಮಿ ಹಬ್ಬದ ದಿನದ ಸಾಲು ಹೀಗಿತ್ತು: "4 ಗಂಟೆ, 171. ಶೇಂಗಾ ಉಂಡಿ ಒಂದು."