ಗೇರುಸೊಪ್ಪೆ ಹಾಳಾಗಿದ್ದು ಯುದ್ಧದಿಂದಲೇ?

ಹೊನ್ನಾವರದಿಂದ ಶರಾವತಿಯ ದಂಡೆ ಹಿಡಿದು ಘಟ್ಟದ ಕಡೆ ಹೋದರೆ ಗೇರುಸೊಪ್ಪೆ. ಅಲ್ಲಿನ ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. ಸುತ್ತ ಇದ್ದ ರಾಜಧಾನಿ ಮಾತ್ರ ಇಲ್ಲ. ಯಾರನ್ನೇ ಕೇಳಿ, ಶತ್ರುಗಳು ಬಂದರು, ಊರು ಹಾಳಾಯಿತು ಅಂತಾರೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ.

ಯುದ್ಧ ಆಗಿದ್ದಂತೂ ನಿಜ. ಘಟ್ಟದಿಂದ ಇಳಿದ ಕಾಳುಮೆಣಸು ಇಲ್ಲಿ ದೋಣಿ ಹತ್ತಿ ಸಮುದ್ರ ಸೇರುತ್ತಿತ್ತು. ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು. ಈ ಕರಾವಳಿಯ ವ್ಯಾಪಾರದ ಮೇಲೆ ಅವರಿಗೆ ಕಣ್ಣು. 1542ರಲ್ಲಿ ಭಟ್ಕಳವನ್ನು ಧ್ವಂಸ ಮಾಡಿದರು, 1569ರಲ್ಲಿ ಹೊನ್ನಾವರ ಹಿಡಿದರು. ಕೊನೆಗೆ ಗೇರುಸೊಪ್ಪೆಯನ್ನು ಗೆದ್ದದ್ದು ಅವರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ, ಸುಮಾರು 1606ರಲ್ಲಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಹೋಗುತ್ತಾ ಈ ದಾರಿಯಲ್ಲೇ ಬಂದ. ನಗರವೂ ಅರಮನೆಯೂ ಬಿದ್ದು ಗಿಡಮರ ಬೆಳೆದಿವೆ, ಕೆಲವು ಗುಡಿಸಲು ಮಾತ್ರ ಉಳಿದಿವೆ ಎಂದು ಬರೆದ. ಇಪ್ಪತ್ತು ವರ್ಷವೂ ಆಗಿರಲಿಲ್ಲ! ಇಲ್ಲಿನ ಮಳೆ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಣ್ಣಿನ ಗೋಡೆಯ ಮೇಲೆ ಮಾಡು ಇಲ್ಲದಿದ್ದರೆ ಅದು ಎಷ್ಟು ಮಳೆಗಾಲ ನಿಂತೀತು? ಬಿದ್ದ ಗೋಡೆ ಕಂಡ ತಕ್ಷಣ ಶತ್ರುವಿನ ಕೈ ಎನ್ನಲಾಗದು.

ಹಾಗಾದರೆ ಯುದ್ಧದ ಗುರುತು ಯಾವುದು? ಮಣ್ಣಿನ ಪದರದಲ್ಲಿ ಬೂದಿ, ಇದ್ದಿಲು, ಅದೇ ಪದರದಲ್ಲಿ ಬಾಣದ ಮೊನೆ, ಗುಂಡು. ಕುಮಟಾದ ಹತ್ತಿರದ ಮಿರ್ಜಾನ ಕೋಟೆಯನ್ನು ಅಗೆದಾಗ ಫಿರಂಗಿ ಗುಂಡುಗಳು, ಚೀನಾ ಪಿಂಗಾಣಿಯ ಚೂರುಗಳು ಸಿಕ್ಕವು. ಆದರೆ ಕೋಟೆ ಎಂದ ಮೇಲೆ ಗುಂಡಿನ ದಾಸ್ತಾನು ಇದ್ದೇ ಇರುತ್ತದೆ, ಅಲ್ವಾ? ಗುಂಡು ರಾಶಿಯಲ್ಲಿತ್ತೋ, ಗೋಡೆಯಲ್ಲಿ ಹೂತಿತ್ತೋ ಎಂಬುದೇ ಮುಖ್ಯ. ಹಾಳೂರುಗಳಲ್ಲಿ ನಿಧಿಯ ಆಸೆಗೆ ರಾತ್ರಿ ಗುಂಡಿ ತೋಡುವವರು ಕದಿಯುವುದಕ್ಕಿಂತ ಜಾಸ್ತಿ ಕೆಡಿಸುವುದು ಇದನ್ನೇ. ಪದರ ಕಲಸಿಹೋದರೆ ಸಾಕ್ಷಿ ಮುಗಿಯಿತು.

ಮಣ್ಣು ಅಗೆಯದೆ ಓದಬಹುದಾದದ್ದು ವೀರಗಲ್ಲು. ಉತ್ತರ ಕನ್ನಡ ಜಿಲ್ಲೆಯ ತುಂಬಾ ಇವೆ. ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕತ್ತಿ, ಗುರಾಣಿ, ಕುದುರೆ ಎಲ್ಲ ವಿವರವಾಗಿ ಕಾಣುತ್ತವೆ. ಆದರೆ ಬಹಳಷ್ಟು ಕಲ್ಲುಗಳು ದನ ಕಾಯಲು, ಊರು ಕಾಯಲು ಸತ್ತವರದ್ದು. ಸತ್ತವನ ಕಡೆಯವರು ಬದುಕಿ ಉಳಿದು, ಖರ್ಚು ಮಾಡಿ ನಿಲ್ಲಿಸುವ ಕಲ್ಲು ಅದು. ಊರೇ ಖಾಲಿಯಾದ ಯುದ್ಧಕ್ಕೆ ಕಲ್ಲು ಸಿಗುವುದು ಕಷ್ಟ.

ಇನ್ನೊಂದು ಮಾತು. ಪೆಟ್ಟು ತಿಂದ ಭಟ್ಕಳ, ಹೊನ್ನಾವರ ಇಂದಿಗೂ ಊರುಗಳೇ. ಅವಕ್ಕೆ ಬಂದರು ಇತ್ತು, ಯಾರು ಗೆದ್ದರೂ ಬಂದರು ಬೇಕಿತ್ತು. ಗೇರುಸೊಪ್ಪೆಯ ದೊಡ್ಡಸ್ತಿಕೆ ನಿಂತದ್ದು ಅರಮನೆಯ ಮೇಲೆ. ಗೆದ್ದವರಿಗೆ ರಾಜಧಾನಿಯಾಗಿ ಆಗಲೇ ಇಕ್ಕೇರಿ ಇತ್ತು, ಮುಂದೆ ಬಿದನೂರು ಬಂತು. ಇಲ್ಲಿ ಮತ್ತೆ ಕಟ್ಟಿಸುವ ಕಾರಣ ಅವರಿಗೆ ಇರಲಿಲ್ಲ.