ಎಪಿಎಲ್ ಕಾರ್ಡು, ವಿಮೆ ಇಲ್ಲ: ಆಪರೇಷನ್‌ಗೆ ಸರ್ಕಾರ ಎಷ್ಟು ಕೊಡುತ್ತದೆ?

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡು, ಯಾವ ವಿಮೆಯನ್ನೂ ಮಾಡಿಸಿಲ್ಲ. ಅಪ್ಪನಿಗೆ ಹೃದಯದ ಆಪರೇಷನ್ ಆಗಬೇಕಂತೆ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಾವು ಶೇ 30 ಕಟ್ಟಿದರೆ ಸಾಕೇ?

ಉತ್ತರ: ಲೆಕ್ಕ ಉಲ್ಟಾ. ಶೇ 30 ಕೊಡುವುದು ಸರ್ಕಾರ, ಉಳಿದ ಶೇ 70 ನಿಮ್ಮ ಪಾಲು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರದ ಪಾಲು ಎಷ್ಟೇ ಆದರೂ ವರ್ಷಕ್ಕೆ 1.5 ಲಕ್ಷ ದಾಟುವುದಿಲ್ಲ.

ಹಾಗೆಂದು ಯೋಜನೆಯನ್ನೇ ಕೈಬಿಡಬೇಡಿ. ಆ ಶೇ 70 ಲೆಕ್ಕವಾಗುವುದು ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆಯ ಸ್ವಂತ ದರದ ಮೇಲಲ್ಲ. ಒಂದು ಆಪರೇಷನ್‌ನ ಪ್ಯಾಕೇಜ್ ಒಂದು ಲಕ್ಷ, ಆಸ್ಪತ್ರೆಯ ಮಾಮೂಲಿ ಬಿಲ್ಲು ಎರಡು ಲಕ್ಷ ಎಂದಿಟ್ಟುಕೊಳ್ಳಿ. ಜನರಲ್ ವಾರ್ಡಿನಲ್ಲಿದ್ದರೆ ನೀವು ಕಟ್ಟಬೇಕಾದ್ದು 70 ಸಾವಿರ. ಅಸಲು ಉಳಿತಾಯ ಇರುವುದು ಇಲ್ಲಿ.

ಹೆಚ್ಚಿನವರು ಎಡವುವುದು ರೆಫರಲ್‌ನಲ್ಲಿ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಒಪಿಡಿ ಚೀಟಿಯ ಹಿಂದೆ 'ಮೇಲಿನ ಆಸ್ಪತ್ರೆಗೆ' ಎಂದು ಗೀಚಿಸಿಕೊಂಡು ಬಂದರೆ ಸಾಲದು, ಯೋಜನೆಯ ರೆಫರಲ್ ಪತ್ರವೇ ಬೇಕು. ಹೋಗುವಾಗ ರೋಗಿಯ ಆಧಾರ್, ಪಡಿತರ ಚೀಟಿ, ಇಸಿಜಿ, ಎಕೋ, ಆಂಜಿಯೋಗ್ರಾಂ ವರದಿ ಜೊತೆಗಿರಲಿ. ಪಡಿತರ ಚೀಟಿಯಲ್ಲಿ 'ರಾಮಣ್ಣ', ಆಧಾರ್‌ನಲ್ಲಿ 'ರಾಮಪ್ಪ' ಎಂದಿದ್ದರೆ ಕೆಲಸ ಅಲ್ಲೇ ನಿಂತೀತು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಉಳಿದಿರುವುದೂ ಸಾಮಾನ್ಯ. ಇಂಥವನ್ನು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಸರಿಪಡಿಸಿಕೊಳ್ಳಬೇಕು.

ಖಾಸಗಿ ಆಸ್ಪತ್ರೆಗೆ ಹೋದಮೇಲೆ ಕ್ಯಾಷ್ ಕೌಂಟರಿಗಿಂತ ಮೊದಲು ಯೋಜನೆಯ ಕೆಲಸ ನೋಡಿಕೊಳ್ಳುವ 'ಆರೋಗ್ಯ ಮಿತ್ರ' ಕೂರುವ ಮೇಜನ್ನು ಹುಡುಕಿ. ಯೋಜನೆಯಿಂದ ಅನುಮತಿ ಬಂದಮೇಲೆಯೇ ಚಿಕಿತ್ಸೆ ಯೋಜನೆಯ ಲೆಕ್ಕಕ್ಕೆ ಸೇರುವುದು. ಸಾಲ ಮಾಡಿ ಮೊದಲೇ ಪೂರ್ತಿ ಬಿಲ್ಲು ಕಟ್ಟಿ, ಆಮೇಲೆ ರಸೀದಿ ಹಿಡಿದು ಓಡಾಡಿದರೆ ಹಣ ವಾಪಸ್ ಬರುವುದಿಲ್ಲ, ಇದು ನಗದುರಹಿತ ಯೋಜನೆ. ಸಂದೇಹವಿದ್ದರೆ 104ಕ್ಕೆ ಫೋನ್ ಮಾಡಿ ಕೇಳಿ.

ತುರ್ತು ಬಂದರೆ ದಾರಿ ಬೇರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ. ಅಪ್ಪನಿಗೆ ರಾತ್ರೋರಾತ್ರಿ ಎದೆನೋವು ಬಂದರೆ ದೂರದ ದೊಡ್ಡಾಸ್ಪತ್ರೆಯ ಯೋಚನೆ ಬಿಟ್ಟು 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಕಡೆ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಖಾಸಗಿ ಆಸ್ಪತ್ರೆಯೇ ಹತ್ತಿರವಿದ್ದರೂ 'ಅಡ್ವಾನ್ಸ್ ಕಟ್ಟಿ, ಆಮೇಲೆ ನೋಡ್ತೀವಿ' ಎನ್ನುವಂತಿಲ್ಲ. 2017ರಲ್ಲಿ ತಿದ್ದುಪಡಿಯಾದ ಕೆಪಿಎಂಇ ಕಾಯ್ದೆ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತುರ್ತು ಚಿಕಿತ್ಸೆಗೆ ಮುಂಗಡ ಕೇಳುವುದನ್ನು ತಡೆಯುತ್ತದೆ. ದೂರು ಕೊಡಬೇಕಾದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ. ಆ ಹೊತ್ತಿಗೆ ದೂರು ಬರೆಯುತ್ತ ಕೂರಲಾಗದು, ನಿಜ. ಆದರೂ ಕಾಯ್ದೆಯ ಹೆಸರು ಬಾಯಲ್ಲಿದ್ದರೆ ಎದುರಿನವರ ಮಾತಿನ ಧಾಟಿ ಬದಲಾಗುವುದುಂಟು.

'ವಿಮೆ ಇಲ್ಲ' ಎನ್ನುವ ಮೊದಲು ಮನೆಯಲ್ಲೊಮ್ಮೆ ವಿಚಾರಿಸಿ. ತಿಂಗಳಿಗೆ 21,000 ರೂ. ಒಳಗಿನ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿರುವ ಮಗನಿದ್ದರೆ, ಅವನನ್ನೇ ನೆಚ್ಚಿಕೊಂಡ ತಂದೆತಾಯಿಗೂ ಸೌಲಭ್ಯವುಂಟು. ದೊಡ್ಡ ಚಿಕಿತ್ಸೆಗೆ ಕೆಲವು ತಿಂಗಳ ವಂತಿಗೆ ಕಟ್ಟಿರಬೇಕು, ಅಷ್ಟೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ಆದರೆ ನೋಂದಣಿ ಇರುವುದು ವರ್ಷಕ್ಕೊಮ್ಮೆ. ಕಾಯಿಲೆ ಗೊತ್ತಾದಮೇಲೆ ಓಡಿದರೆ ಮುಂದಿನ ಅವಧಿಗೆ ಕಾಯಬೇಕು.

ಈ ಯಾವ ಲೆಕ್ಕದಲ್ಲೂ ಕಾಣದ ಖರ್ಚು ಇನ್ನೊಂದಿದೆ. ಆರೋಗ್ಯ ಕರ್ನಾಟಕ ಇರುವುದು ಒಳರೋಗಿಗಳಿಗೆ. ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಿಕೊಂಡವರು ವರ್ಷಗಟ್ಟಲೆ ನುಂಗುವ ಮಾತ್ರೆಗಳಿಗೆ ಜೇಬಿನಿಂದಲೇ ಕೊಡಬೇಕು. ದುಡ್ಡಿಲ್ಲವೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನಡುವೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳಬಹುದು. ಡಿಸ್ಚಾರ್ಜ್ ದಿನವೇ ವೈದ್ಯರಿಗೆ ಹೇಳಿ, ಕಂಪನಿಯ ಹೆಸರಿನ ಬದಲು ಔಷಧದ ಹೆಸರನ್ನೇ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಆ ಚೀಟಿ ಬೇಕಾಗುತ್ತದೆ.