ಓದುಗರ ಪ್ರಶ್ನೆ: 2009ರ ‘ಹ್ಯಾಲೋವೀನ್ 2’ ನಿಜಕ್ಕೂ ಅಷ್ಟು ಕೆಟ್ಟ ಸಿನಿಮಾವೇ?

ಪ್ರಶ್ನೆ: ಕಾರವಾರದ ಕೋಡಿಬಾಗದವನು ನಾನು. ಮಳೆಗಾಲದಲ್ಲಿ ಶನಿವಾರ ರಾತ್ರಿ ಗೆಳೆಯರೆಲ್ಲ ಒಬ್ಬರ ಮನೆಯಲ್ಲಿ ಸೇರಿ ಹಾರರ್ ಸಿನಿಮಾ ಹಾಕುತ್ತೇವೆ. ಈಗ ಹ್ಯಾಲೋವೀನ್ ಸರಣಿ ನಡೆಯುತ್ತಿದೆ. ನಿರ್ದೇಶಕ ರಾಬ್ ಝಾಂಬಿಯ ರೀಮೇಕ್ ನೋಡಿ ಆಯಿತು. ಅದರ ಎರಡನೇ ಭಾಗ ನೋಡಲೇಬೇಡಿ, ಸರಣಿಗೇ ಕಳಂಕ ಎನ್ನುತ್ತಾರೆ ಅಭಿಮಾನಿಗಳು. ನಮ್ಮಲ್ಲೊಬ್ಬ ಮಾತ್ರ ಅದೇ ಎಲ್ಲಕ್ಕಿಂತ ಒಳ್ಳೆಯದು ಎಂದು ಹಟ ಹಿಡಿದಿದ್ದಾನೆ. ನೀವೇನನ್ನುತ್ತೀರಿ ಸರ್?

ಉತ್ತರ: ನೋಡಿ, ಖಂಡಿತ ನೋಡಿ. ನಿಮ್ಮ ಗೆಳೆಯನ ಹಟದಲ್ಲಿ ಹುರುಳಿದೆ. ‘ಎಲ್ಲಕ್ಕಿಂತ ಒಳ್ಳೆಯದು’ ಎಂಬುದನ್ನು ನಾನು ಒಪ್ಪಲಾರೆ. 1978ರಲ್ಲಿ ಜಾನ್ ಕಾರ್ಪೆಂಟರ್ ಮಾಡಿದ ಮೊದಲ ಸಿನಿಮಾದ ಹತ್ತಿರಕ್ಕೆ ಈ ಸರಣಿಯ ಯಾವುದೂ ಸುಳಿಯುವುದಿಲ್ಲ. ಆದರೆ 2009ರ ‘ಹ್ಯಾಲೋವೀನ್ 2’ಕ್ಕೆ ಅಂಟಿರುವ ಕೆಟ್ಟ ಹೆಸರಿನಲ್ಲಿ ಮುಕ್ಕಾಲು ಪಾಲು ಅನ್ಯಾಯದ್ದು. ಉಳಿದ ಕಾಲು ಪಾಲನ್ನು ಅದು ತಾನೇ ಸಂಪಾದಿಸಿಕೊಂಡಿದೆ, ಅದನ್ನೂ ಹೇಳುತ್ತೇನೆ. ಇದನ್ನೆಲ್ಲ ವಿವರಿಸಬೇಕಾದರೆ ಕಥೆಯನ್ನು ಕೊನೆಯವರೆಗೂ ಬಿಚ್ಚಲೇಬೇಕು. ಬೇಡದವರು ಇಲ್ಲಿಗೇ ನಿಲ್ಲಿಸಿ, ಸಿನಿಮಾ ನೋಡಿಕೊಂಡು ಬನ್ನಿ.

ರೀಮೇಕಿನ ಎರಡನೇ ಭಾಗ ಎನ್ನುವುದು ನಮಗೇನೂ ಹೊಸದಲ್ಲ. 1993ರ ಮಲಯಾಳಂ ‘ಮಣಿಚಿತ್ರತಾಳ್’ ಕನ್ನಡಕ್ಕೆ 2004ರಲ್ಲಿ ‘ಆಪ್ತಮಿತ್ರ’ವಾಗಿ ಬಂತು. ಆಮೇಲೆ 2010ರಲ್ಲಿ ‘ಆಪ್ತರಕ್ಷಕ’ ಬಂತು. ಮೂಲದಲ್ಲಿ ಇಲ್ಲದ ಕಥೆಯನ್ನು ನಿರ್ದೇಶಕ ಪಿ. ವಾಸು ಮುಂದುವರಿಸಿದರು, ಜನ ಮೆಚ್ಚಿ ಮೆರೆಸಿದರು. ಯಾಕೆಂದರೆ ಜನ ಬಯಸಿದ ನಾಗವಲ್ಲಿಯೂ ಬಯಸಿದ ವಿಷ್ಣುವರ್ಧನ್ ಅವರೂ ಅಲ್ಲಿ ಸಿಕ್ಕರು. ರಾಬ್ ಝಾಂಬಿ ತನ್ನ ಎರಡನೇ ಭಾಗದಲ್ಲಿ ಮಾಡಿದ್ದು ಇದಕ್ಕೆ ತೀರಾ ವಿರುದ್ಧವಾದದ್ದು. ಅಭಿಮಾನಿಗಳು ಏನೇನು ಬಯಸಿ ಬಂದಿದ್ದರೋ ಅದನ್ನೆಲ್ಲ ಒಂದೊಂದಾಗಿ ಕೊಡದೆ ಉಳಿಸಿದ.

ಅವನಿಗೆ ಈ ಸಿನಿಮಾ ಮಾಡುವ ಮನಸ್ಸೂ ಮೊದಲು ಇರಲಿಲ್ಲ. 2007ರ ರೀಮೇಕ್ ಸುಮಾರು ಒಂದೂವರೆ ಕೋಟಿ ಡಾಲರಿನಲ್ಲಿ ತಯಾರಾಗಿ ಜಗತ್ತಿನಾದ್ಯಂತ ಎಂಟು ಕೋಟಿ ಡಾಲರ್ ಗಳಿಸಿತ್ತು. ಮುಂದಿನ ಭಾಗ ಬೇಕೇ ಬೇಕು ಎಂದು ನಿರ್ಮಾಪಕರು ಕೂತರು. ಫ್ರಾನ್ಸಿನ ಜೋಡಿ ನಿರ್ದೇಶಕರಾದ ಜೂಲಿಯನ್ ಮೋರಿ ಮತ್ತು ಅಲೆಕ್ಸಾಂಡರ್ ಬುಸ್ಟಿಯೋ ಅವರ ಹೆಸರು ಓಡಾಡಿತು, ಕೈಗೂಡಲಿಲ್ಲ. ಕೊನೆಗೆ ಝಾಂಬಿಯೇ ಮರಳಿದ. 2009ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಚಿತ್ರೀಕರಣ ಶುರು, ಆಗಸ್ಟ್ 28ಕ್ಕೆ ತೆರೆಗೆ. ಆರು ತಿಂಗಳಲ್ಲಿ ಎಲ್ಲವೂ ಮುಗಿಯಬೇಕು. ಗಳಿಕೆ ಮೊದಲ ಭಾಗದ ಅರ್ಧಕ್ಕೆ ಇಳಿಯಿತು, ವಿಮರ್ಶಕರು ಹರಿಹಾಯ್ದರು, ಮುಂದೆ ಒಂಬತ್ತು ವರ್ಷ ಈ ಸರಣಿಯಲ್ಲಿ ಹೊಸ ಸಿನಿಮಾವೇ ಬರಲಿಲ್ಲ. ಕೆಟ್ಟ ಹೆಸರು ಗಟ್ಟಿಯಾಗಿ ನಿಂತದ್ದು ಆ ಅವಧಿಯಲ್ಲಿ.

ಇನ್ನು ದೂರುಗಳಿಗೆ ಬರೋಣ. ದೊಡ್ಡ ದೂರು ಸರಣಿಯ ಕೊಲೆಗಾರ ಮೈಕಲ್ ಮೈಯರ್ಸ್ ಬಗ್ಗೆ. 1978ರಲ್ಲಿ ಅವನು ಬೆಳ್ಳನೆಯ ಮುಖವಾಡದ ಹಿಂದಿನ ಒಂದು ಶೂನ್ಯ. ಯಾಕೆ ಕೊಲ್ಲುತ್ತಾನೆ ಎಂದು ಯಾರಿಗೂ ಗೊತ್ತಿಲ್ಲ. ಸಿನಿಮಾದ ಕೊನೆಯ ಹೆಸರುಪಟ್ಟಿಯಲ್ಲೂ ಮುಖವಾಡದ ಆ ಪಾತ್ರಕ್ಕೆ ‘ಆಕಾರ’ ಎಂಬರ್ಥದ ಹೆಸರು ಮಾತ್ರ. ಝಾಂಬಿ 2007ರಲ್ಲೇ ಆ ಶೂನ್ಯವನ್ನು ತುಂಬಿದ: ಒಡೆದ ಮನೆ, ಅಮ್ಮನ ಕ್ರೂರ ಗೆಳೆಯ, ಹುಚ್ಚಾಸ್ಪತ್ರೆ. 2009ರಲ್ಲಿ ಇನ್ನೂ ಮುಂದಕ್ಕೆ ಹೋದ. ಆರು ಅಡಿ ಎಂಟು ಇಂಚಿನ ಟೈಲರ್ ಮೇನ್ ಇಲ್ಲಿ ಗಡ್ಡ ಬಿಟ್ಟು, ತಲೆಗೆ ಮುಸುಕು ಹಾಕಿ, ಬಯಲಲ್ಲಿ ಅಲೆಯುವ ನಿರ್ಗತಿಕ. ಮುಖವಾಡ ಹರಿದು ಅರ್ಧ ಮುಖ ಕಾಣುತ್ತದೆ. ಇರಿಯುವಾಗ ಪ್ರಾಣಿಯಂತೆ ಹೂಂಕರಿಸುತ್ತಾನೆ. ನಾಯಿ ಕೊಂದು ಹಸಿಯಾಗಿ ತಿನ್ನುತ್ತಾನೆ.

ಅಭಿಮಾನಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರ ಕೊಡುವಾಗ, ಕಿರೀಟದ ತುದಿಯಷ್ಟೇ ಕಾಣುವಾಗ ಮಕ್ಕಳಿಗೆ ಆಗುವ ಹೆದರಿಕೆ, ಅದೇ ಕಲಾವಿದರು ಬೆಳಗಿನ ಜಾವ ಚೌಕಿಯಲ್ಲಿ ಕೂತು ಎಣ್ಣೆ ಹಚ್ಚಿ ಬಣ್ಣ ತೆಗೆಯುವಾಗ ಇರುವುದಿಲ್ಲ. ಝಾಂಬಿ ನಮ್ಮನ್ನು ಸೀದಾ ಚೌಕಿಗೆ ಕರೆದುಕೊಂಡು ಹೋಗಿದ್ದಾನೆ. ಮೈಕಲ್‌ಗೆ ಹೆದರಬೇಕೆಂದು ಬಂದವರಿಗೆ ಮೋಸ ಆಗಿದೆ, ನಿಜ. ಆದರೆ ಈ ಸಿನಿಮಾ ಮೈಕಲ್‌ನದಲ್ಲ, ಲೋರಿಯದು. ಜಗಳವೆಲ್ಲ ಹುಟ್ಟುವುದು ಇದನ್ನು ಗಮನಿಸದೆ ಹೋದಾಗ.

ಲೋರಿ ಸ್ಟ್ರೋಡ್ ಮೊದಲ ಭಾಗದಲ್ಲಿ ಬದುಕಿ ಉಳಿದ ಹುಡುಗಿ. ಇಂಥ ಸಿನಿಮಾಗಳಲ್ಲಿ ಕೊನೆಗೊಬ್ಬಳು ಹುಡುಗಿ ಬದುಕುತ್ತಾಳೆ, ಪೊಲೀಸರು ಕಂಬಳಿ ಹೊದಿಸುತ್ತಾರೆ, ಅಲ್ಲಿಗೆ ಮುಗಿಯಿತು. ಝಾಂಬಿ ಕಥೆಯನ್ನು ಎತ್ತಿಕೊಳ್ಳುವುದೇ ಅಲ್ಲಿಂದ. ಆಸ್ಪತ್ರೆಯಲ್ಲಿ ಅವಳ ಗಾಯಗಳಿಗೆ ಹೊಲಿಗೆ ಹಾಕುವುದನ್ನು, ಕಿತ್ತುಹೋದ ಉಗುರನ್ನು, ಅವಳ ಚೀರಾಟವನ್ನು ಕ್ಯಾಮೆರಾ ಕಣ್ಣು ಮಿಟುಕಿಸದೆ ತೋರಿಸುತ್ತದೆ. ಛಾಯಾಗ್ರಾಹಕ ಬ್ರ್ಯಾಂಡನ್ ಟ್ರಾಸ್ಟ್ ಇದನ್ನು ಸೂಪರ್ 16 ಮಿ.ಮೀ. ಫಿಲಂನಲ್ಲಿ ಚಿತ್ರಿಸಿದ್ದರಿಂದ ಇಡೀ ಚಿತ್ರಕ್ಕೆ ಒಂದು ಒರಟು ಕಾಳುಕಾಳಾದ ಮೈ ಬಂದಿದೆ. ಮೈಕಲ್ ಆಸ್ಪತ್ರೆಗೇ ಬರುತ್ತಾನೆ. ಹೊರಗೆ ನಮ್ಮ ಆಷಾಢದಂಥ ಜಡಿಮಳೆ. ಕಾಲು ಮುರಿದ ಹುಡುಗಿ ಆ ಮಳೆಯಲ್ಲಿ ತೆವಳುತ್ತ ಹೋಗಿ ಕಾವಲುಗಾರನ ಗೂಡಿನೊಳಗೆ ಅಡಗುತ್ತಾಳೆ. ಟಿವಿಯಲ್ಲಿ ಹಳೆಯದೊಂದು ಹಾಡು ತಣ್ಣಗೆ ನಡೆದೇ ಇರುತ್ತದೆ. ಸರಣಿಯ ಇಷ್ಟೂ ಸಿನಿಮಾಗಳಲ್ಲಿ ನನ್ನ ಉಸಿರು ಕಟ್ಟಿಸಿದ ಭಾಗ ಇದು.

ಆಮೇಲೆ ಅವಳು ಎಚ್ಚರಗೊಳ್ಳುತ್ತಾಳೆ. ಅಷ್ಟೂ ಕನಸು!

‘ಇಷ್ಟು ಹೊತ್ತು ಕೂರಿಸಿ ಕನಸು ಎಂದು ಕೈತೊಳೆದುಕೊಂಡರು’ ಎಂಬುದು ಎರಡನೇ ದೂರು. ನಾನು ಇದನ್ನು ಒಪ್ಪುವುದೇ ಇಲ್ಲ. 1981ರ ಹಳೆಯ ‘ಹ್ಯಾಲೋವೀನ್ 2’ ಬಹುಪಾಲು ಆಸ್ಪತ್ರೆಯಲ್ಲೇ ನಡೆಯುತ್ತದೆ. ಹೊಸದೂ ಅದರ ನಕಲೇ ಇರಬೇಕು ಎಂದು ನಾವು ಅಂದುಕೊಳ್ಳುವ ಹೊತ್ತಿಗೆ ಝಾಂಬಿ ಅದನ್ನು ಮುಗಿಸಿ ಬದಿಗಿಡುತ್ತಾನೆ. ಅದಕ್ಕಿಂತ ಮುಖ್ಯ, ಅವಳಿಗೆ ಈ ಕನಸು ಬೀಳುತ್ತಲೇ ಇರುತ್ತದೆ. ನಾವು ಒಂದೇ ಸಲ ಪಟ್ಟ ಪಾಡನ್ನು ಅವಳು ಮತ್ತೆ ಮತ್ತೆ ಪಡುತ್ತಿದ್ದಾಳೆ.

ದೇವಿಮನೆ ಘಟ್ಟದಲ್ಲಿ ಬಸ್ಸು ಉರುಳಿ ಬದುಕಿ ಬಂದವರನ್ನು ನಮ್ಮ ಜನ ಹೇಗೆ ಮಾತನಾಡಿಸುತ್ತಾರೆ ನೆನಪಿಸಿಕೊಳ್ಳಿ. ‘ಗಂಡಾಂತರ ಕಳೀತು, ದೇವರು ದೊಡ್ಡವನು, ಇನ್ನೆಂತ ಹೆದರಿಕೆ’ ಎನ್ನುತ್ತೇವೆ. ಒಂದು ತಿಂಗಳು ಸುಮ್ಮನಿರುತ್ತೇವೆ. ಆಮೇಲೂ ಆ ಮನುಷ್ಯ ರಾತ್ರಿ ಎದ್ದು ಕೂತರೆ, ಸುಮ್ಮಸುಮ್ಮನೆ ಸಿಡುಕಿದರೆ ನಮಗೆ ಬೇಸರ ಬರುತ್ತದೆ. ಲೋರಿಯ ವಿಷಯದಲ್ಲಿ ಪ್ರೇಕ್ಷಕರೂ ಹಾಗೇ ನಡೆದುಕೊಂಡರು. ಯಾವಾಗ ನೋಡಿದರೂ ಕಿರುಚುತ್ತಾಳೆ, ಬೈಯುತ್ತಾಳೆ, ಕುಡಿಯುತ್ತಾಳೆ, ಇಷ್ಟಪಡಲು ಏನೂ ಇಲ್ಲ ಎಂದರು. ಸ್ಕೌಟ್ ಟೇಲರ್-ಕಾಂಪ್ಟನ್ ನಟನೆಯನ್ನು ಅತಿ ಎಂದರು. ನನಗೆ ಆಕೆ ಮಾಡಿದ್ದು ಧೈರ್ಯದ ಕೆಲಸವಾಗಿ ಕಾಣುತ್ತದೆ. ಗಾಯಗೊಂಡವರು ನಮಗೆ ಹಿತವಾಗುವಂತೆ ನಡೆದುಕೊಳ್ಳಬೇಕು ಎಂಬ ನಿರೀಕ್ಷೆಯನ್ನು ಅವಳು ಒಂದು ದೃಶ್ಯದಲ್ಲೂ ಪೂರೈಸುವುದಿಲ್ಲ.

ಅವಳಿಗೆ ಆಸರೆ ಕೊಟ್ಟಿರುವುದು ಪೊಲೀಸ್ ಅಧಿಕಾರಿ ಶೆರಿಫ್ ಬ್ರ್ಯಾಕೆಟ್ ಮತ್ತು ಅವನ ಮಗಳು ಆನಿ. ಆನಿಯೂ ಮೈಕಲ್ ಕೈಗೆ ಸಿಕ್ಕು ಬದುಕಿದವಳು, ಮುಖದ ಮೇಲೆ ಗಾಯದ ಗೆರೆಗಳಿವೆ. ಈ ಮೂವರು ರಾತ್ರಿ ಊಟಕ್ಕೆ ಕೂತು ಪಿಜ್ಜಾ ತಿನ್ನುತ್ತ ಹರಟುವ ದೃಶ್ಯವೊಂದಿದೆ. ಅಪ್ಪ ತನ್ನ ಕಾಲದ ನಟನೊಬ್ಬನ ಹೆಸರು ಹೇಳಿದರೆ ಹುಡುಗಿಯರಿಗೆ ಗೊತ್ತೇ ಇಲ್ಲ. ಕಥೆಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಆ ಮನೆಯ ಬಗ್ಗೆ ನಮಗೆ ಪ್ರೀತಿ ಹುಟ್ಟುವುದು ಅಲ್ಲಿ.

ಆನಿ ಸಾಯುತ್ತಾಳೆ. ಝಾಂಬಿ ಹೊಡಿಬಡಿ ರಕ್ತಪಾತಕ್ಕೆ ಹೆಸರಾದವನು, ಈ ಸಿನಿಮಾದಲ್ಲೂ ಅದು ಬೇಕಾದಷ್ಟಿದೆ. ಆನಿಯ ಸಾವನ್ನು ಮಾತ್ರ ಅವನು ಕಣ್ಣಿಗೆ ಹಾಕುವುದಿಲ್ಲ. ಆಮೇಲೆ ಸ್ನಾನದ ಮನೆಯ ಗೋಡೆ, ನೆಲ ಕಾಣುತ್ತದೆ, ಅಷ್ಟೇ. ಬ್ರ್ಯಾಕೆಟ್ ಮನೆಗೆ ಬಂದು ಮಗಳನ್ನು ನೋಡುತ್ತಾನೆ. ನಟ ಬ್ರಾಡ್ ಡೂರಿಫ್ ಅಲ್ಲಿ ಕುಸಿಯುವ ಪರಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಆಮೇಲೆ ಡಿವಿಡಿಯಲ್ಲಿ ಬಂದ ನಿರ್ದೇಶಕರ ಆವೃತ್ತಿಯಲ್ಲಿ ಇದರ ನಡುವೆ ಪುಟ್ಟ ಹುಡುಗಿಯೊಬ್ಬಳ ಮನೆಯ ವಿಡಿಯೋ ತುಣುಕುಗಳು ಬಂದು ಹೋಗುತ್ತವೆ. ಅವು ಆನಿಯ ಪಾತ್ರಧಾರಿ ಡೇನಿಯಲ್ ಹ್ಯಾರಿಸ್ ಅವರ ಸ್ವಂತ ಬಾಲ್ಯದ ತುಣುಕುಗಳು. ಈಕೆಯೇ 1988 ಮತ್ತು 1989ರಲ್ಲಿ ಬಂದ ಸರಣಿಯ ನಾಲ್ಕು, ಐದನೇ ಭಾಗಗಳಲ್ಲಿ ಮೈಕಲ್‌ನಿಂದ ತಪ್ಪಿಸಿಕೊಂಡು ಓಡುವ ಪುಟ್ಟ ಜೇಮಿಯಾಗಿದ್ದಳು. ಅದು ತಿಳಿದು ನೋಡಿದರೆ ಹೊಟ್ಟೆ ಹಿಂಡುತ್ತದೆ. ನೂರು ಕೊಲೆ ತೋರಿಸುವ ಸಿನಿಮಾಗಳಲ್ಲಿ ಸತ್ತವರ ಅಪ್ಪಂದಿರು ಎಲ್ಲಿ ಕಾಣುತ್ತಾರೆ? ಇಲ್ಲಿ ಇನ್ನೊಬ್ಬ ಅಪ್ಪನೂ ಇದ್ದಾನೆ. ಮೊದಲ ಭಾಗದಲ್ಲಿ ಸತ್ತ ಲೋರಿಯ ಗೆಳತಿ ಲಿಂಡಾಳ ತಂದೆ, ಮೈಕಲ್‌ಗೆ ಚಿಕಿತ್ಸೆ ಕೊಟ್ಟಿದ್ದ ಡಾ. ಲೂಮಿಸ್ ತನ್ನ ಪುಸ್ತಕಕ್ಕೆ ಸಹಿ ಹಾಕುವ ಜಾಗಕ್ಕೆ ಮಗಳ ಫೋಟೋ ಹಿಡಿದು ಬರುತ್ತಾನೆ.

ಲೂಮಿಸ್ ಬಗ್ಗೆ ದೂರುವವರ ಜೊತೆ ಅರ್ಧ ದಾರಿ ನಾನೂ ಬರುತ್ತೇನೆ. ಹಳೆಯ ಲೂಮಿಸ್ ಊರನ್ನು ಎಚ್ಚರಿಸುತ್ತ ಓಡಾಡುವ ವೈದ್ಯ. ಮಾಲ್ಕಮ್ ಮೆಕ್‌ಡೊವೆಲ್ ಮಾಡಿದ ಈ ಲೂಮಿಸ್ ಹೆಣಗಳ ಮೇಲೆ ಪುಸ್ತಕ ಮಾರುವ ಮನುಷ್ಯ. ಲೋರಿ ಮೈಕಲ್‌ನ ತಂಗಿ ಎಂಬ ಗುಟ್ಟನ್ನು ಅವಳಿಗೇ ಹೇಳದೆ ಅಚ್ಚು ಹಾಕಿಸುತ್ತಾನೆ. ಅವಳಿಗೆ ಅದು ಗೊತ್ತಾಗುವುದು ಪುಸ್ತಕ ಓದಿದಾಗ. ಯೋಚನೆ ಗಟ್ಟಿಯಾದದ್ದೇ. ಆದರೆ ಟಿವಿ ಸಂದರ್ಶನ, ಹೋಟೆಲು, ಸಿಡುಕು ಎಂದು ಅವನ ದೃಶ್ಯಗಳು ಬೇರೊಂದು ಸಿನಿಮಾದಿಂದ ಕತ್ತರಿಸಿ ತಂದಂತಿವೆ, ಲೋರಿಯ ಮನೆಯಿಂದ ನಮ್ಮನ್ನು ಸುಮ್ಮನೆ ಎಳೆದೊಯ್ಯುತ್ತವೆ.

ಇನ್ನು ಬಿಳಿ ಕುದುರೆ. ಶಿರಸಿಯಲ್ಲಿ ನನ್ನ ಜೊತೆ ಕೂತು ನೋಡಿದ ಭಾವ ಅರ್ಧಕ್ಕೇ ಕೇಳಿದ, ‘ಎಂತಕ್ಕೆ ಮಾರಾಯಾ ಈ ಕುದುರೆ?’ ಚಿಕ್ಕ ಮೈಕಲ್‌ಗೆ ಅಮ್ಮ ಬಿಳಿ ಕುದುರೆಯ ಬೊಂಬೆ ಕೊಟ್ಟಿರುತ್ತಾಳೆ. ಸತ್ತ ಅಮ್ಮ ಬಿಳಿ ಉಡುಪು ತೊಟ್ಟು, ಆ ಕುದುರೆಯೊಂದಿಗೆ ಬಂದು, ತಂಗಿಯನ್ನು ಕರೆತಾ ಎಂದು ಮೈಕಲ್‌ನನ್ನು ಕಳಿಸುತ್ತಾಳೆ. ಕುದುರೆ ಏನನ್ನು ಸೂಚಿಸುತ್ತದೆ ಎಂದು ಶುರುವಿನಲ್ಲೇ ಬರಹ ಹಾಕಿ ಪಾಠ ಹೇಳುತ್ತಾರೆ ಬೇರೆ. ಅಮ್ಮನಾಗಿ ನಟಿಸಿದ ಶೆರಿ ಮೂನ್ ಝಾಂಬಿ ನಿರ್ದೇಶಕನ ಹೆಂಡತಿ, ಅವಳಿಗೋಸ್ಕರ ತುರುಕಿದ ಪಾತ್ರ ಎಂದು ಆಡಿಕೊಂಡವರಿದ್ದಾರೆ. ಅದೇನೇ ಇರಲಿ, ನನ್ನ ತಕರಾರು ಬೇರೆ. ಇಷ್ಟು ಹಸಿಹಸಿಯಾಗಿ ನೋವನ್ನು ತೋರಿಸಬಲ್ಲ ಸಿನಿಮಾಗೆ ಈ ಹೊಳೆಯುವ ಚಿತ್ರಪಟಗಳ ಅಗತ್ಯವೇ ಇರಲಿಲ್ಲ. ಒಂದೇ ಒಂದು ಕಡೆ ಅವು ಕೆಲಸ ಮಾಡುತ್ತವೆ. ಕೊನೆಯ ಕೊಟ್ಟಿಗೆಯಲ್ಲಿ ಬಾಲಕ ಮೈಕಲ್ ತನ್ನನ್ನು ಹಿಡಿದುಕೊಂಡಿದ್ದಾನೆ ಎಂದು ಲೋರಿ ಒದ್ದಾಡುತ್ತಾಳೆ, ಲೂಮಿಸ್‌ಗೆ ಅಲ್ಲಿ ಯಾರೂ ಕಾಣುವುದಿಲ್ಲ. ಅಣ್ಣನ ಹುಚ್ಚು ತಂಗಿಯ ತಲೆಗೂ ಇಳಿದಿದೆ ಎಂಬುದು ಆ ಕ್ಷಣಕ್ಕೆ ಮೈಗೆ ತಟ್ಟುತ್ತದೆ. ಉಳಿದ ಕಡೆ ಕುದುರೆಗೆ ಬಿದ್ದ ಬೈಗುಳವೆಲ್ಲ ನ್ಯಾಯವಾದದ್ದು.

ವಾದ ತೀರದೆ ಇರುವುದಕ್ಕೆ ಇನ್ನೊಂದು ಕಾರಣವಿದೆ. ಚಿತ್ರಮಂದಿರಕ್ಕೆ ಬಂದದ್ದು 105 ನಿಮಿಷದ ಆವೃತ್ತಿ. ಆಮೇಲೆ ಡಿವಿಡಿಯಲ್ಲಿ ಬಂದ ನಿರ್ದೇಶಕರ ಆವೃತ್ತಿ 119 ನಿಮಿಷದ್ದು. ವ್ಯತ್ಯಾಸ ಬರೀ ಹದಿನಾಲ್ಕು ನಿಮಿಷದ್ದಲ್ಲ. ಮೊದಲನೆಯದರಲ್ಲಿ ಒಂದು ವರ್ಷದ ನಂತರದ ಲೋರಿ, ಆನಿಯ ಜೊತೆ ಹೊಂದಿಕೊಂಡಿದ್ದಾಳೆ. ಎರಡನೆಯದರಲ್ಲಿ ಎರಡು ವರ್ಷ ಕಳೆದಿದೆ, ಅವಳು ಇನ್ನಷ್ಟು ಹಾಳಾಗಿದ್ದಾಳೆ, ಆನಿಯ ಜೊತೆ ದಿನವೂ ಕಿತ್ತಾಟ. ಕೊನೆಯೂ ಬೇರೆ. ಚಿತ್ರಮಂದಿರದ ಆವೃತ್ತಿಯಲ್ಲಿ ಲೋರಿ ಅಣ್ಣನನ್ನು ಇರಿದು, ಅವನ ಮುಖವಾಡ ತೊಟ್ಟು ಹೊರಬರುತ್ತಾಳೆ, ಮುಂದಿನ ಭಾಗಕ್ಕೆ ಬಾಗಿಲು ತೆರೆದಿಟ್ಟಂತೆ. ನಿರ್ದೇಶಕರ ಆವೃತ್ತಿಯಲ್ಲಿ ಮೈಕಲ್ ತಾನೇ ಮುಖವಾಡ ಕಿತ್ತು, ಒಂದೇ ಒಂದು ಮಾತು ಆಡಿ, ಲೂಮಿಸ್‌ನನ್ನು ಕೊಂದು, ಪೊಲೀಸರ ಗುಂಡಿಗೆ ಬೀಳುತ್ತಾನೆ. ಲೋರಿ ಚಾಕು ಎತ್ತಿಕೊಳ್ಳುತ್ತಾಳೆ. ಗುಂಡು ಹಾರಿಸಬೇಡಿ ಎಂದು ಬ್ರ್ಯಾಕೆಟ್ ಕೂಗುತ್ತಿದ್ದಂತೆಯೇ ಅವಳಿಗೂ ಗುಂಡು ಬೀಳುತ್ತದೆ. ಮಗಳನ್ನು ಕಳೆದುಕೊಂಡ ರಾತ್ರಿಯೇ ಸಾಕುಮಗಳಂತಿದ್ದವಳೂ ಅವನ ಕಣ್ಣೆದುರು ಹೋಗುತ್ತಾಳೆ. ನನಗೆ ಈ ಕೊನೆಯೇ ಸರಿ. ಮೊದಲಿನಿಂದ ಹೇಳುತ್ತ ಬಂದದ್ದಕ್ಕೆ ಇದು ಕಟ್ಟುಬಿದ್ದಿದೆ. ನಿಮ್ಮ ಗುಂಪಿನಲ್ಲಿ ಹಟ ಹಿಡಿದವನು ಯಾವ ಆವೃತ್ತಿ ನೋಡಿದ್ದಾನೆ ಎಂದು ಮೊದಲು ಕೇಳಿ. ಬೈಯುವವರನ್ನೂ ಕೇಳಿ.

ಒಂದು ಮಾತು ನನ್ನನ್ನು ಬಹಳ ಕಾಡುತ್ತದೆ. 2018ರಲ್ಲಿ ಬಂದ ‘ಹ್ಯಾಲೋವೀನ್’ 1978ರ ನಂತರದ್ದನ್ನೆಲ್ಲ ಬದಿಗಿಟ್ಟು ನೇರ ಮೂಲಕ್ಕೆ ಕೊಂಡಿ ಹಾಕಿತು. ಅದರಲ್ಲಿ ಜೇಮಿ ಲೀ ಕರ್ಟಿಸ್‌ರ ಲೋರಿ ನಲವತ್ತು ವರ್ಷ ಭಯದಲ್ಲೇ ಬದುಕಿ, ಮನೆಯನ್ನು ಕೋಟೆ ಮಾಡಿಕೊಂಡು, ಮಗಳನ್ನು ದೂರ ಮಾಡಿಕೊಂಡವಳು. ಬದುಕಿ ಉಳಿದವಳ ನೋವನ್ನು ತೋರಿಸಿದರು ಎಂದು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಅದೇ ನೋವನ್ನು ಒಂಬತ್ತು ವರ್ಷ ಮೊದಲು, ಬಂದೂಕು ಹಿಡಿದ ವೀರವನಿತೆಯ ಸಮಾಧಾನವೂ ಇಲ್ಲದೆ ತೋರಿಸಿದ ಸಿನಿಮಾವನ್ನು ಮಾತ್ರ ಇವತ್ತಿಗೂ ಪಟ್ಟಿಯ ತಳಕ್ಕೆ ತಳ್ಳುತ್ತಾರೆ.

ಆದ್ದರಿಂದ ಸಿಕ್ಕರೆ ನಿರ್ದೇಶಕರ ಆವೃತ್ತಿಯನ್ನೇ ಹಾಕಿ. ನೋಡುವ ಮೊದಲು 1981ರದ್ದನ್ನು ನೋಡಿರಬೇಕಾದ್ದಿಲ್ಲ, 2007ರದ್ದು ನೋಡಿದ್ದೀರಲ್ಲ, ಅಷ್ಟು ಸಾಕು. ಶುರುವಿನಲ್ಲಿ ಹೆಣ ಸಾಗಿಸುವ ವ್ಯಾನಿನ ಇಬ್ಬರು ಆಡುವ ಮಾತು ಬಹಳ ಹೊಲಸು, ಹಿಂಸೆಯೂ ವಿಪರೀತ. ಮನೆಯಲ್ಲಿ ಚಿಕ್ಕವರಿದ್ದರೆ ಅವರು ಮಲಗಿದ ಮೇಲೆ, ದನಿ ತಗ್ಗಿಸಿ ನೋಡಿ. ಬ್ರ್ಯಾಕೆಟ್ ಮನೆಗೆ ಮರಳುವ ಹೊತ್ತಿಗೆ ಮಾತ್ರ ಯಾರೂ ಮೊಬೈಲ್ ನೋಡುತ್ತಿರದಂತೆ ನೋಡಿಕೊಳ್ಳಿ.